ಹೆಂಚಿನ ಮೇಲೆ ಮೂಡಿದ ಕೈ

1994ರಲ್ಲಿ ನಾನು ಶಾಲೆ ಬಿಟ್ಟೆ. ಎಂಟನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆ ಬರೆದಿದ್ದೆ, ಎಷ್ಟು ಅಂಕ ಬಂತು ಅಂತ ನೋಡಲು ಹೋಗಲಿಲ್ಲ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಖಾನಾಪುರದ ಹೆಂಚಿನ ಕಾರ್ಖಾನೆಯೊಂದರಲ್ಲಿ ಅಣ್ಣ ಪ್ರೆಸ್ಸಿನ ಮೇಲೆ ಕೆಲಸಕ್ಕಿದ್ದ. ಅವನ ಬಾಜು ನಿಂತು ಮಣ್ಣಿನ ಹಲಗೆ ಎತ್ತಿಕೊಡಲು ಒಬ್ಬ ಬೇಕಾಗಿದ್ದ, ನಾನು ಹೋಗಿ ನಿಂತೆ. ಆಮೇಲೆ ಕಲಿತ ವೆಲ್ಡಿಂಗ್, ವೈರಿಂಗ್, ಫ್ಯಾಬ್ರಿಕೇಶನ್ ಎಲ್ಲವೂ ಕಣ್ಣಿನಿಂದ ನೋಡಿ ಕೈಯಿಂದ ಮಾಡಿ ಕಲಿತದ್ದು. ಒಂದಕ್ಕೂ ಸರ್ಟಿಫಿಕೇಟ್ ಇಲ್ಲ. ಆದರೆ ನಾನು ಬೆಸೆದ ಗೇಟು ಇಲ್ಲಿಯವರೆಗೆ ಒಂದೂ ಬಿಟ್ಟುಕೊಂಡು ಬಂದಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಇಂಥವನು ಕಣ್ಣಿಗೆ ಕಾಣದ್ದನ್ನು ನಂಬುವುದಿಲ್ಲ. ಕಣಕುಂಬಿಯ ಘಾಟಿನಲ್ಲಿ ಲಾರಿ ಹೊಡೆಯುವವರು ತಿರುವಿನಲ್ಲಿ ಯಾರೋ ನಿಂತಿದ್ದರು, ಹತ್ತಿರ ಹೋದರೆ ಇರಲಿಲ್ಲ ಅಂತ ಹೇಳಿದರೆ, ಅವತ್ತು ಎಷ್ಟು ಕುಡಿದಿದ್ದೆ ಅಂತ ಕೇಳುವವನು ನಾನು. ಅಮಾವಾಸ್ಯೆ ಬಂದರೆ ಬಾಜು ಅಂಗಡಿಯವರು ಮಷಿನ್‌ಗಳಿಗೆ ಲಿಂಬೆಹಣ್ಣು ಕಟ್ಟುತ್ತಾರೆ, ನಾನು ಎಣ್ಣೆ ಬಿಡುತ್ತೇನೆ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಬರೆದಿದ್ದರೆ ನಕ್ಕು ಹಾಳೆ ತಿರುವುತ್ತಿದ್ದೆ. ಈಗಲೂ ನಂಬುತ್ತೇನೆ ಅಂತ ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ನಡೆದದ್ದನ್ನು ಹೇಳುವ ಮೊದಲು ನಾನು ಮಾಡಿದ್ದನ್ನು ಹೇಳಬೇಕು. ಅದಿಲ್ಲದೆ ಉಳಿದದ್ದು ನಿಮಗೆ ಅರ್ಥವಾಗುವುದಿಲ್ಲ.

ಹೆಂಚಿನ ಪ್ರೆಸ್ಸಿನ ಮುಂದೆ ಒಂದು ಕಬ್ಬಿಣದ ಜಾಳಿ ಇರುತ್ತಿತ್ತು. ಅದನ್ನು ಎತ್ತಿ ಮಣ್ಣಿನ ಹಲಗೆ ಇಡಬೇಕು, ಮತ್ತೆ ಇಳಿಸಬೇಕು. ಜಾಳಿ ಮೇಲಿದ್ದಷ್ಟು ಹೊತ್ತು ಅಚ್ಚು ಕೆಳಗೆ ಬರದಂತೆ ಹಿಂದೆ ಒಂದು ಕೊಂಡಿ ಇತ್ತು. ಪ್ರತಿ ಹೆಂಚಿಗೂ ಹೀಗೆ ಎತ್ತಿ ಇಳಿಸಿದರೆ ಹೊತ್ತು ಹೋಗುತ್ತದೆ ಅಂತ ಉಳಿದ ಪ್ರೆಸ್ಸಿನವರೆಲ್ಲ ಜಾಳಿ ಮೇಲೇ ಇದ್ದರೂ ಅಚ್ಚು ಇಳಿಯುವಂತೆ ಕೊಂಡಿಯನ್ನು ತಂತಿಯಿಂದ ಕಟ್ಟಿಬಿಡುತ್ತಿದ್ದರು, ಸಾಹೇಬರು ಬರುತ್ತಾರೆ ಅಂದಾಗ ಬಿಚ್ಚುತ್ತಿದ್ದರು. ಅಣ್ಣ ಮಾತ್ರ ಕಟ್ಟುತ್ತಿರಲಿಲ್ಲ. ಪಾಳಿ ಮುಗಿಯುವಾಗ ನಮ್ಮ ಪ್ರೆಸ್ಸಿನ ಹೆಂಚು ಬಾಜು ಪ್ರೆಸ್ಸಿಗಿಂತ ಯಾವಾಗಲೂ ಕಡಿಮೆ. ಅವರು ಹಂಗಿಸುತ್ತಿದ್ದರು. ಅಣ್ಣನಿಗೆ ಅದು ತಾಗುತ್ತಿರಲಿಲ್ಲ, ನನಗೆ ತಾಗುತ್ತಿತ್ತು. 1998ರಲ್ಲಿ ನನಗೆ ಹದಿನೆಂಟು ವರ್ಷ, ಮೈತುಂಬ ಸೊಕ್ಕು. ಒಂದು ಮುಂಜಾನೆ ಅಣ್ಣ ಚಹಾಕ್ಕೆ ಹೋದಾಗ ನಾನು ಕೊಂಡಿ ಕಟ್ಟಿದೆ. ಬಂದ ಮೇಲೆ ಹೇಳೋಣ ಅಂದುಕೊಂಡಿದ್ದೆ. ಅವನು ಬಂದವನೇ ಕೆಲಸಕ್ಕೆ ನಿಂತ. ಮಣ್ಣು ಸರಿಯಾಗಿ ಕೂತಿದೆಯೇ ಅಂತ ಬಲ ಅಂಗೈಯಿಂದ ಎರಡು ಸಲ ತಟ್ಟಿ ನೋಡುವುದು ಅವನ ರೂಢಿ. ಜಾಳಿ ಮೇಲಿದೆ, ಅಚ್ಚು ಬರುವುದಿಲ್ಲ ಅಂತ ಅವನ ಧೈರ್ಯ. ಒಂದು ಸಲ ತಟ್ಟಿದ. ಎರಡನೆಯ ಸಲ ಅಚ್ಚು ಬಂತು.

ತೋರುಬೆರಳು, ನಡುಬೆರಳು ಎರಡೂ ಬುಡದಿಂದಲೇ ಹೋದವು. ದವಾಖಾನೆಯಲ್ಲಿ ನಾನು ಹತ್ತಿರ ಹೋದಾಗ ಅವನು ಹೇಳಿದ್ದು ಒಂದೇ ಮಾತು: "ತಂತಿ ನಾನ ಕಟ್ಟಿದ್ನಿ ಅಂತ ಸಾಹೇಬರ ಮುಂದ ಹೇಳೀನಿ. ನೀ ಬಾಯಿ ಬಿಡಬ್ಯಾಡ. ನಿನಗ ಇನ್ನೂ ಕೆಲಸ ಮಾಡೂದೈತಿ." ತಾನೇ ಕಟ್ಟಿಕೊಂಡದ್ದು ಅಂತ ಆದದ್ದರಿಂದ ಕಾರ್ಖಾನೆಯವರು ಕೈತೊಳೆದುಕೊಂಡರು. ಆಮೇಲೆ ಅವನು ಕಟ್ಟಿಗೆಯ ಲಾರಿಯ ಮೇಲೆ ಹಮಾಲಿಗೆ ಹೋದ. ಎರಡು ವರ್ಷವಾದ ಮೇಲೆ ಹಗ್ಗ ಬಿಗಿಯುವಾಗ ಮೂರು ಬೆರಳಿಗೆ ಹಿಡಿತ ಸಿಗದೆ ಲಾರಿಯ ಮೇಲಿಂದ ಬಿದ್ದು ಸತ್ತ. ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಆಗ ಇಪ್ಪತ್ತನಾಲ್ಕು ವರ್ಷ, ಸೊಂಟದಲ್ಲಿ ಒಂದು ಹೆಣ್ಣು ಕೂಸು.

ನಾನು ಬಾಯಿ ಬಿಡಲಿಲ್ಲ. ಅಣ್ಣ ಹೇಳಿದ್ದಾನೆ ಅನ್ನುವುದು ನೆವ. ಹೇಳಲು ಧೈರ್ಯವಿರಲಿಲ್ಲ ಅನ್ನುವುದು ಖರೆ. ಊರು ಬಿಟ್ಟು ಬೆಳಗಾವಿಗೆ ಬಂದೆ, ಕಂಡವರ ಕೈಕೆಳಗೆ ದುಡಿದೆ, ಅನಗೋಳದಲ್ಲಿ ಸ್ವಂತ ಶೆಡ್ ಹಾಕಿದೆ. ವೈನಿ ಖಾನಾಪುರದಲ್ಲೇ ಉಳಿದು ಶಾಲೆಯ ಬಿಸಿಯೂಟದ ಅಡುಗೆಗೆ ನಿಂತರು. ಅವರ ಮಗಳ ಶಾಲೆ, ಲಗ್ನ, ಬಾಣಂತನ ಎಲ್ಲಕ್ಕೂ ಮುಂದೆ ನಿಂತವನು ನಾನೇ. ವೈನಿ ಮಂದಿಯ ಮುಂದೆ, ಗಂಡ ಬೇಖಬರ್ ಮನುಷ್ಯ, ಎಚ್ಚರವಿಲ್ಲದೆ ತನ್ನ ಕೈ ತಾನೇ ಕಳಕೊಂಡ, ಮೈದುನ ಇದ್ದದ್ದಕ್ಕೆ ನಾವು ಬದುಕಿದೆವು ಅನ್ನುತ್ತಿದ್ದರು. ಹಾಗೆ ಅನ್ನುವಾಗ ನಾನು ಎದುರಿಗೆ ಕುಳಿತು ಚಹಾ ಕುಡಿಯುತ್ತಿದ್ದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಮೂರು ವರ್ಷದ ಹಿಂದೆ ಖಾನಾಪುರದ ಕಲಾವಿದರೊಬ್ಬರು ಬೆಳಗಾವಿಯ ಒಂದು ಹಾಲ್‌ನಲ್ಲಿ ಪ್ರದರ್ಶನ ಇಟ್ಟರು. ಚಿತ್ರ ತೂಗುಹಾಕುವ ಪ್ರದರ್ಶನ ಅಲ್ಲ. ಹಾಲಿಗೆಲ್ಲ ಕರಿ ಬಟ್ಟೆ ಕಟ್ಟಿ ಕತ್ತಲು ಮಾಡಿ, ಒಂದು ದೊಡ್ಡ ಗೋಡೆಯ ಮೇಲೆ ಪ್ರೊಜೆಕ್ಟರ್‌ನಿಂದ ಬೆಳಕು ಬಿಡುವುದು. ಗೋಡೆಯ ಮೇಲೆ ಮಣ್ಣಿನ ಹಲಗೆ ಕಾಣುತ್ತದೆ. ನೀವು ದೂರದಲ್ಲಿ ನಿಂತು ಗಾಳಿಯಲ್ಲಿ ಕೈ ಚಾಚಿ ಒತ್ತಿದರೆ ಗೋಡೆಯ ಮೇಲೆ ನಿಮ್ಮ ಕೈ ಮೂಡುತ್ತದೆ, ಮಣ್ಣು ತಗ್ಗುತ್ತದೆ, ಹೆಂಚಾಗುತ್ತದೆ, ನಿಮ್ಮ ಕೈಯ ಗುರುತು ಅದರ ಮೇಲೆ ಉಳಿಯುತ್ತದೆ. ಆ ಹೆಂಚು ಮೇಲಕ್ಕೆ ಹೋಗಿ ಒಂದು ದೊಡ್ಡ ಚಾವಣಿಯಲ್ಲಿ ಕೂಡುತ್ತದೆ. ಬಂದವರೆಲ್ಲ ಒಂದೊಂದು ಹೆಂಚು ಮಾಡಿ ಹೋದರೆ ಕಡೆಗೆ ಚಾವಣಿ ತುಂಬಬೇಕು. ಮುಚ್ಚಿಹೋದ ಕಾರ್ಖಾನೆಗಳ ನೆನಪಿಗೆ ಅಂತ ಅವರ ವಿಚಾರ. ಕ್ಯಾಮೆರಾ, ಪ್ರೊಜೆಕ್ಟರ್ ನಿಲ್ಲಿಸುವ ಕಬ್ಬಿಣದ ಚೌಕಟ್ಟು, ವೈರಿಂಗ್ ನನ್ನ ಕೆಲಸ. ಪ್ರೋಗ್ರಾಮ್ ಬರೆಯುವವರು ಅಶ್ವಿನಿ ಅಂತ, ಹಿಂದವಾಡಿಯ ಹುಡುಗಿ, ಸಾಫ್ಟ್‌ವೇರ್ ಇಂಜಿನಿಯರ್.

ನಾನು ಮೊದಲು ಆಕೆಯ ಕೆಲಸವನ್ನು ಹಗುರವಾಗಿ ನೋಡಿದ್ದೆ. ಚಿತ್ರ ಕಲಾವಿದರದು, ಚೌಕಟ್ಟು ನನ್ನದು, ನಡುವೆ ಕುಳಿತು ಟಪಟಪ ಒತ್ತುವುದು ಏನು ದೊಡ್ಡ ಕೆಲಸ ಅಂತ. ಹದಿನೈದು ದಿನ ಬಾಜು ಕುಳಿತು ನೋಡಿದ ಮೇಲೆ ತಿಳಿಯಿತು. ಕೈ ಒತ್ತಿದ ಕ್ಷಣಕ್ಕೇ ಮಣ್ಣು ತಗ್ಗಬೇಕು. ಕಣ್ಣು ಮಿಟುಕಿಸುವಷ್ಟು ತಡವಾದರೂ ಅದು ಟಿವಿ ನೋಡಿದಂತಾಗುತ್ತದೆ, ಮಣ್ಣು ಮುಟ್ಟಿದಂತಾಗುವುದಿಲ್ಲ. ತೀರ ಬೇಗ ತಗ್ಗಿದರೆ ಅದು ಬೆಣ್ಣೆ. ಮಣ್ಣಿಗೆ ಭಾರ ಬರಬೇಕು. ಇದಕ್ಕಾಗಿ ಆಕೆ ಖಾನಾಪುರಕ್ಕೆ ಹೋಗಿ ಖರೆ ಮಣ್ಣು ತಂದು ಮೇಜಿನ ಮೇಲೆ ಇಟ್ಟುಕೊಂಡಿದ್ದಳು. ಒಂದು ಕೈ ಅದರ ಮೇಲೆ, ಇನ್ನೊಂದು ಕೀಬೋರ್ಡಿನ ಮೇಲೆ. ನನ್ನ ವೆಲ್ಡಿಂಗ್ ಇದ್ದ ಹಾಗೆ ಅದು: ಬೆಸುಗೆ ಚೆನ್ನಾಗಿದ್ದರೆ ಯಾರಿಗೂ ಕಾಣುವುದಿಲ್ಲ. ಬಾಗಿಲಲ್ಲಿ ಹಾಕಿದ ಫಲಕದ ಮೇಲೆ ಕಲಾವಿದರ ಹೆಸರೊಂದೇ ಇತ್ತು. "ನಿಮ್ಮ ಹೆಸರು ಎಲ್ಲೈತ್ರಿ ಮೇಡಂ?" ಅಂದೆ. "ನಿಮ್ಮ ಹೆಸರಿನ ಬಾಜೂಕ ಅದರಿ ಮಿಸ್ತ್ರಿ, ಸರಿಯಾಗಿ ನೋಡ್ರಿ" ಅಂದಳು.

ಕ್ಯಾಮೆರಾ ಕೈಯನ್ನು ಹೇಗೆ ಗುರುತಿಸುತ್ತದೆ ಅನ್ನುವುದನ್ನು ಆಕೆಯೇ ನನಗೆ ಹೇಳಿಕೊಟ್ಟಳು. ಇದು ಮುಂದೆ ಬೇಕಾಗುತ್ತದೆ, ಅದಕ್ಕೆ ಬರೆಯುತ್ತೇನೆ. ಕೈ ಕಂಡ ಕೂಡಲೇ ಪ್ರೋಗ್ರಾಮ್ ಅದರ ಮೇಲೆ ಇಪ್ಪತ್ತೊಂದು ಚುಕ್ಕಿ ಇಡುತ್ತದೆ. ಮಣಿಕಟ್ಟಿಗೆ ಒಂದು, ಐದು ಬೆರಳಿಗೆ ನಾಲ್ಕು ನಾಲ್ಕು. ಆ ಚುಕ್ಕಿಗಳನ್ನು ಕೂಡಿಸಿ ಗೋಡೆಯ ಮೇಲಿನ ಕೈ ಬರೆಯುತ್ತದೆ. ಅದು ಲಕ್ಷಗಟ್ಟಲೆ ಕೈಗಳ ಚಿತ್ರ ನೋಡಿ ಕಲಿತದ್ದಂತೆ, ಎಲ್ಲ ಐದು ಬೆರಳಿನವು. ಹೀಗಾಗಿ ಕೈಗೆ ಐದೇ ಬೆರಳು ಅಂತ ಅದರ ತಿಳಿವಳಿಕೆ. ನೀವು ಬೆರಳು ಮಡಚಿ ಮರೆಮಾಡಿದರೂ ಎಲ್ಲಿರಬಹುದು ಅಂತ ಅಂದಾಜಿನಿಂದ ಚುಕ್ಕಿ ಇಟ್ಟುಬಿಡುತ್ತದೆ. ಇದರ ಮೇಲೆ ಆಕೆ ಒಂದು ತಡೆ ಹಾಕಿದ್ದಳು. ಇದು ಕೈಯೇ ಅಂತ ನೂರಕ್ಕೆ ಎಂಬತ್ತರಷ್ಟು ಖಾತ್ರಿ ಆಗುವವರೆಗೆ ಗೋಡೆಯ ಮೇಲೆ ಏನೂ ಮೂಡಬಾರದು ಅಂತ.

ಮೊದಲ ಎರಡು ದಿನ ಕಾಲೇಜಿನ ಮಕ್ಕಳು, ಪೇಟೆಯ ಮಂದಿ ಬಂದರು. ಎಲ್ಲ ಸರಿಯಾಗಿ ನಡೆಯಿತು. ಮೂರನೆಯ ದಿನ ಮಧ್ಯಾಹ್ನ ಖಾನಾಪುರದಿಂದ ಕಾರ್ಖಾನೆಯ ಹಳೆಯ ಕೆಲಸಗಾರರು ಬಂದರು. ನಾನೇ ಟೆಂಪೋ ಮಾಡಿ ಕರೆಸಿದ್ದೆ, ಅವರ ಜೊತೆ ವೈನಿಯನ್ನೂ. ಅಶ್ವಿನಿಗೆ ಅಣ್ಣನ ಕೈಯ ಸುದ್ದಿಯನ್ನು ನಾನು ಯಾವತ್ತೂ ಹೇಳಿರಲಿಲ್ಲ. ಆ ಮುದುಕರು ಗೋಡೆಯ ಮುಂದೆ ಕೈ ಚಾಚಿ ನಿಂತರು. ಗೋಡೆ ಸುಮ್ಮನೆ ಇತ್ತು. ಒಣಗಿ ಬಿರಿದ ಕರಿ ಕೈಗಳು, ಡೊಂಕು ಬೆರಳು, ನಡುಕ ಬೇರೆ. ಪ್ರೋಗ್ರಾಮಿಗೆ ಖಾತ್ರಿ ಆಗುತ್ತಿರಲಿಲ್ಲ. ಅವರಲ್ಲಿ ಒಬ್ಬ ಮುದುಕ, "ನಮ್ಮ ಕೈ ಆಧಾರ್ ಮಷಿನ್‌ಗೂ ಗುರ್ತ ಸಿಗಂಗಿಲ್ಲ, ಈ ಗ್ವಾಡಿಗೂ ಸಿಗವಲ್ದು. ನಾವು ಇದೀವೋ ಇಲ್ಲೋ ಯಾರನ್ನ ಕೇಳೂಣು?" ಅಂದ. ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು. ಹೆಂಚು ಮಾಡಿದ ಕೈಗಳಿಗೇ ಹೆಂಚು ಆಗುವುದಿಲ್ಲ ಅಂದರೆ ಏನು ಕಥೆ?

ಅಶ್ವಿನಿಯ ಹತ್ತಿರ ಹೋಗಿ ಆ ತಡೆ ತೆಗೆಯಿರಿ ಅಂದೆ.

"ಬ್ಯಾಡ್ರಿ ಮಿಸ್ತ್ರಿ. ಅದನ್ನ ತಗದ್ರ ಇಲ್ಲದ್ದನ್ನೂ ಕೈ ಅಂತ ತೋರಸ್ತದ."

"ಇದ್ದದ್ದನ್ನ ತೋರಸದಿದ್ದರ ನಡೀತೈತೇನ್ರಿ?" ಅಂದೆ.

ನಾನು ಹಟ ಬಿಡಲಿಲ್ಲ. ಕಡೆಗೆ ಎಂಬತ್ತು ಇದ್ದದ್ದನ್ನು ಮೂವತ್ತಕ್ಕೆ ಇಳಿಸಿದಳು. ಮುದುಕರ ಕೈಗಳು ಗೋಡೆಯ ಮೇಲೆ ಬಂದವು. ಐದೈದು ಬೆರಳು, ನೆಟ್ಟಗೆ, ಹುಡುಗರ ಕೈಗಳ ಹಾಗೆ. ಒಬ್ಬೊಬ್ಬರೇ ಹೆಂಚು ಒತ್ತಿ, ತಮ್ಮದು ಚಾವಣಿ ಸೇರುವವರೆಗೂ ಬಾಯಿ ತೆರೆದು ನೋಡಿ, ಚಹಾ ಕುಡಿಯಲು ಹೊರಗೆ ಹೋದರು. ವೈನಿ ಹಿಂದೆ ಉಳಿದಿದ್ದರು. ಮೂರೂವರೆ ಗಂಟೆ ಇರಬಹುದು. ಹಾಲಿನಲ್ಲಿ ನಾವು ಮೂವರೇ: ವೈನಿ, ಲ್ಯಾಪ್‌ಟಾಪಿನ ಮುಂದೆ ಅಶ್ವಿನಿ, ಚೌಕಟ್ಟಿನ ಹತ್ತಿರ ನಾನು.

ವೈನಿ ಬಲಗೈಯಲ್ಲಿ ಬಟ್ಟೆಯ ಚೀಲ ಹಿಡಿದಿದ್ದರು. ಕೆಳಗಿಡಲು ಮನಸ್ಸಾಗಲಿಲ್ಲವೋ ಏನೋ, ಎಡಗೈ ಮಾತ್ರ ಚಾಚಿದರು. ಗೋಡೆಯ ಮೇಲೆ ಅವರ ಎಡಗೈ ಬಂತು. ಆಮೇಲೆ ಅದರ ಬಾಜು ಒಂದು ಬಲಗೈ ಬಂತು. ಹೆಬ್ಬೆರಳು, ಉಂಗುರಬೆರಳು, ಕಿರುಬೆರಳು. ನಡುವೆ ಏನೂ ಇರಲಿಲ್ಲ.

ನಾನು ಪ್ರೊಜೆಕ್ಟರ್ ಕೆಟ್ಟಿದೆ ಅಂದುಕೊಂಡೆ. ಕಣ್ಣು ಮೇಲೆತ್ತಿ ವೈರ್ ನೋಡಿದೆ. ಮತ್ತೆ ಗೋಡೆ ನೋಡಿದಾಗಲೂ ಆ ಕೈ ಅಲ್ಲೇ ಇತ್ತು. ಅದು ಮಣ್ಣನ್ನು ಎರಡು ಸಲ ತಟ್ಟಿತು. ಆಮೇಲೆ ವೈನಿಯ ಎಡಗೈಯ ಜೊತೆಗೆ ಒತ್ತಿತು. ಹೆಂಚಾಯಿತು, ಎರಡು ಕೈಗಳ ಗುರುತು ಹೊತ್ತು ಮೇಲಕ್ಕೆ ಹೋಯಿತು. ಎಲ್ಲ ಸೇರಿ ಹತ್ತು ಸೆಕೆಂಡು. ಚಳಿ ಹತ್ತಲಿಲ್ಲ, ದೀಪ ಮಿನುಗಲಿಲ್ಲ, ಇಂಥ ಕಥೆಗಳಲ್ಲಿ ಹೇಳುವ ಯಾವುದೂ ಆಗಲಿಲ್ಲ. ಪ್ರೊಜೆಕ್ಟರಿನ ಫ್ಯಾನ್ ಗುಂಯ್ ಅನ್ನುತ್ತಿತ್ತು, ಹೊರಗೆ ಮುದುಕರು ಮರಾಠಿಯಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದರು.

ವೈನಿ ಚಾಚಿದ ಕೈಯನ್ನು ಮೆಲ್ಲಗೆ ಇಳಿಸಿದರು. "ಅವ್ರ ಕೈ" ಅಂದರು. ನನ್ನ ಕಡೆ ನೋಡಲಿಲ್ಲ. ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತರು. ನಾನು ಹಿಂದೆ ಹೋದೆ.

ಅವರು ಅಳುತ್ತಿರಲಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು: "ತಮ್ಮಾ, ನಾ ಬೈದದ್ದ ಅವ್ರು ಇನ್ನೂ ಮನಸಿನ್ಯಾಗ ಇಟಗೊಂಡಾರೇನು? ಅದಕ್ಕ ಬಂದ್ರೇನು?" ಕೈ ಹೋದ ಮೇಲಿನ ಎರಡು ವರ್ಷ ದಿನಾ ಬೈದಿದ್ದರಂತೆ. ಕಣ್ಣಿಲ್ಲೇನು, ಬುದ್ಧಿಯಿಲ್ಲೇನು, ಹೆಂಡತಿ ಮಕ್ಕಳ ಪರಿವೆಯಿಲ್ಲೇನು ಅಂತ. ಸತ್ತ ದಿನ ಮುಂಜಾನೆಯೂ ಬೈದೇ ಕಳಿಸಿದ್ದರಂತೆ. ಅವನು ಒಂದು ಸಲವೂ ತಿರುಗಿ ಮಾತಾಡಲಿಲ್ಲವಂತೆ. ಇದನ್ನೆಲ್ಲ ಅವರು ನನಗೆ ಮೊದಲ ಸಲ ಹೇಳಿದ್ದು ಅಲ್ಲಿ, ಆ ಮೆಟ್ಟಿಲ ಮೇಲೆ. ತಪ್ಪೆಲ್ಲ ತಮ್ಮದು ಅನ್ನುವ ಹಾಗೆ.

ಅವತ್ತೂ ಸುಮ್ಮನಿದ್ದುಬಿಡಬಹುದಿತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚಿನ ರೂಢಿ ಇತ್ತು ನನಗೆ. ಆದರೆ ಆಗಲಿಲ್ಲ. ಹೇಳಿದೆ. ಕೊಂಡಿ, ಚಹಾ, ದವಾಖಾನೆ, ಎಲ್ಲ ಹೇಳಿದೆ. ಅವರು ಕೇಳುತ್ತ ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು.

"ಎಂಥಾ ತಂತಿ?" ಅಂದರು.

"ಸಾದಾ ತಂತಿ, ವೈನಿ. ಮೂಟಿ ಬಿಗಿಯೂದು."

"ಎಷ್ಟ ಇತ್ತು?"

ಕೈಯಿಂದ ತೋರಿಸಿದೆ. ಒಂದು ಗೇಣು. ಅವರು ಆ ಗೇಣನ್ನೇ ನೋಡುತ್ತಿದ್ದರು. "ಇಷ್ಟ ತಂತಿ ಸಂಬಂಧ ನಾ ಅವ್ರಿಗೆ ಉಣ್ಣಾಕ ನೀಡುವಾಗೂ ಬೈದ್ನಿ" ಅಂದರು. ನನಗೆ ಒಂದು ಮಾತೂ ಬೈಯಲಿಲ್ಲ. ಎದ್ದು ಸೀರೆಯ ನಿರಿಗೆ ಜಾಡಿಸಿದರು. ಟೆಂಪೋ ಐದಕ್ಕೆ ಹೊರಡುವುದಿತ್ತು, ಅದಕ್ಕೆ ಕಾಯಲಿಲ್ಲ. ರಿಕ್ಷಾ ಮಾಡಿಕೊಂಡು ಬಸ್‌ ಸ್ಟ್ಯಾಂಡಿಗೆ ಒಬ್ಬರೇ ಹೋದರು.

ನಾನು ಒಳಗೆ ಬಂದಾಗ ಅಶ್ವಿನಿ ಆ ಹೆಂಚನ್ನು ಲ್ಯಾಪ್‌ಟಾಪಿನಲ್ಲಿ ತೆಗೆದು ನೋಡುತ್ತಿದ್ದಳು. ಪ್ರತಿ ಹೆಂಚಿನ ಚುಕ್ಕಿಗಳೂ ಅದರಲ್ಲಿ ಉಳಿದಿರುತ್ತವೆ. ಹೀಗಾಗಿ ನಾನು ಕನಸು ಕಂಡೆ ಅನ್ನುವ ಹಾಗೂ ಇಲ್ಲ. ಆಕೆಯ ಮೊದಲ ವಿಚಾರ ಸರಳವಾಗಿತ್ತು: ತಡೆ ಇಳಿಸಿದ್ದರಿಂದ ಕ್ಯಾಮೆರಾ ಚೀಲವನ್ನೇ ಕೈ ಅಂತ ತಿಳಿದಿದೆ. ನಾನೂ ಅದನ್ನು ಹಿಡಿದುಕೊಂಡೆ. ಎರಡು ದಿನ ಮುಂಜಾನೆ ಬೇಗ ಬಂದು ಅಂಥದೇ ಚೀಲ ಹಿಡಿದು ಅದೇ ಜಾಗದಲ್ಲಿ ನಿಂತು ನೋಡಿದೆವು. ಚೀಲ ಕೆಲವು ಸಲ ಕೈಯಾಗಿ ಮೂಡಿತು, ಖರೆ. ಆದರೆ ಪ್ರತಿ ಸಲ ಐದು ಬೆರಳಿನ ಕೈ. ಬೆರಳು ಮಡಚಿ ನೋಡಿದೆವು, ಟೇಪ್ ಸುತ್ತಿ ನೋಡಿದೆವು. ಆಗಲೂ ಅಂದಾಜಿನ ಐದು ಬೆರಳು. ಆ ಹೆಂಚಿನಲ್ಲಿ ಮಾತ್ರ ಎರಡು ಬೆರಳಿನ ಎಂಟೂ ಚುಕ್ಕಿಗಳು ಬೆರಳಿನ ಬುಡದಲ್ಲಿ ಒಂದರ ಮೇಲೊಂದು ಕೂತಿದ್ದವು. ಖಾತ್ರಿಯ ಅಂಕಿಯೂ ಅದರ ಜೊತೆಗೇ ದಾಖಲಾಗಿತ್ತು. ನೂರಕ್ಕೆ ತೊಂಬತ್ತೇಳು. ಅಂದರೆ ತಡೆ ಎಂಬತ್ತಕ್ಕೇ ಇದ್ದಿದ್ದರೂ ಆ ಕೈ ಬರುತ್ತಿತ್ತು.

"ಮಿಸ್ತ್ರಿ, ನಾ ಬರದ ಪ್ರೋಗ್ರಾಮ್‌ನ್ಯಾಗ ನನಗ ತಿಳೀಲಾರದ್ದು ಇರಬಾರದ್ರಿ" ಅಂದಳು. "ಇದು ತಿಳೀವಲ್ದು." ಆಗ ಆಕೆಗೂ ಅಣ್ಣನ ಸುದ್ದಿ ಹೇಳಿದೆ. ಆಕೆ ಲ್ಯಾಪ್‌ಟಾಪ್ ಮುಚ್ಚಿ, ಮೇಜಿನ ಮೇಲಿನ ಒಣಗಿದ ಮಣ್ಣನ್ನು ಕಾಗದದಲ್ಲಿ ಸುತ್ತಿ ಒಳಗಿಟ್ಟಳು. ಪ್ರದರ್ಶನದ ಉಳಿದ ದಿನ ತಡೆಯನ್ನು ಮತ್ತೆ ಎಂಬತ್ತಕ್ಕೆ ಏರಿಸಿದಳು. ನಾನು ಬೇಡ ಅನ್ನಲಿಲ್ಲ.

ನೀವು ಏನು ಹೇಳುತ್ತೀರಿ ಅಂತ ನನಗೆ ಗೊತ್ತು. ಯಂತ್ರ ತಪ್ಪು ಮಾಡಿತು, ತಪ್ಪು ನಿನ್ನ ಅಣ್ಣನ ಕೈಯ ಹಾಗೆ ಕಂಡಿತು, ಅಷ್ಟೇ ಅಂತ. ನಾನೂ ಹಾಗೇ ಹೇಳಿಕೊಂಡು ನೋಡಿದ್ದೇನೆ. ಬೆಳಗಾವಿಯಲ್ಲಿ ಲೇತು, ಪ್ರೆಸ್ಸುಗಳಲ್ಲಿ ಬೆರಳು ಕಳೆದುಕೊಂಡವರು ಕಡಿಮೆ ಇಲ್ಲ, ಅಂಥವರ ಕೈ ಕಂಡು ಅದು ಎಲ್ಲೋ ಕಲಿತಿರಬಹುದು ಅಂತಲೂ ಯೋಚಿಸಿದ್ದೇನೆ. ಆದರೆ ಆ ಹೊತ್ತಿಗೆ ಗೋಡೆಯ ಮುಂದೆ ಅಂಥವರು ಯಾರೂ ನಿಂತಿರಲಿಲ್ಲ. ಮಣ್ಣನ್ನು ಎರಡು ಸಲ ತಟ್ಟಿದ್ದನ್ನು ನಾನು ನೋಡಿದ್ದೇನೆ. ಅವನು ನನ್ನನ್ನು ಹಿಡಿದುಕೊಡಲು ಬಂದನೋ, ಹೆಂಡತಿಯ ಜೊತೆ ಒಂದು ಹೆಂಚು ಮಾಡಲು ಬಂದನೋ, ಬಂದದ್ದೇ ಸುಳ್ಳೋ, ಒಂದೂ ಗೊತ್ತಿಲ್ಲ.

ವೈನಿ ಆಮೇಲೆ ನಮ್ಮ ಮನೆಗೆ ಬಂದಿಲ್ಲ. ನಾನು ಎರಡು ಸಲ ಖಾನಾಪುರಕ್ಕೆ ಹೋದೆ. ಒಳಗೆ ಕರೆದು ನೀರು ಕೊಟ್ಟರು, ಮಾತಾಡಲಿಲ್ಲ. ಮೂರನೆಯ ಸಲ ಹೋಗಲಿಲ್ಲ. ಒಂದು ದಿನ ಅವರ ಮಗಳು ಬಂದು, "ಕಾಕಾ, ಅಪ್ಪನ ಫೋಟೋ ಅವ್ವ ತರಾಕ ಹೇಳ್ಯಾಳ" ಅಂದಳು. ನಡುಮನೆಯ ಗೋಡೆಯಿಂದ ಇಳಿಸಿ ಕೊಟ್ಟೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಅನಗೋಳದಲ್ಲಿ ಎರಡು ಖೋಲಿಯ ಸ್ವಂತ ಮನೆ. ಒಂದು ಶೆಡ್. ವೆಲ್ಡಿಂಗ್ ಮಷಿನ್ ಎರಡು, ಡ್ರಿಲ್ ಒಂದು, ಕಟಿಂಗ್ ಮಷಿನ್ ಒಂದು. ಕೆಲಸಕ್ಕೆ ನಾಲ್ಕು ಮಂದಿ. ಹೆಂಡತಿ, ಒಬ್ಬ ಮಗಳು. ನಡುಮನೆಯ ಗೋಡೆಯಲ್ಲಿ ಮೊಳೆ ಒಂದು.